ಹಾಲಿನ ಋಣದ ಕುದುರೆ

ಕೋಕ್-ಬೆಲ್, ಮಾರ್ಚ್ 27, 1994

ಜಿಪಾರ್,

ನಿನಗೆ ಬುದ್ಧಿ ಅನ್ನುವುದು ಇದೆಯೋ, ಅದನ್ನೂ ಆ ಹೊಲಿಗೆ ಕಾರ್ಖಾನೆಯಲ್ಲಿ ಕತ್ತರಿಸಿ ಬಿಸಾಕಿ ಬಂದೆಯೋ? ಲಕೋಟೆಯ ಮೇಲೆ ಮಾವನ ಹೆಸರನ್ನು ಸೊಸೆಯಾದವಳು ಅಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಾಳಾ? ನಾನು ಈ ಮನೆಗೆ ಬಂದು ಐವತ್ತು ವರ್ಷಕ್ಕೆ ಬಂತು. ಆ ಮನುಷ್ಯನ ಹೆಸರು ಒಂದು ಸಲವೂ ನನ್ನ ಬಾಯಿಂದ ಬಂದಿಲ್ಲ. ಅತ್ತೆ, ಮಾವ, ಮೈದುನ, ಯಾರದ್ದೂ ಬಂದಿಲ್ಲ. ನಮ್ಮ ಹಿರಿಯ ಭಾವನ ಹೆಸರಿನಲ್ಲಿ ಕಲ್ಲು ಅಂತ ಇತ್ತು. ಅವರು ಸಾಯುವ ತನಕ ನಾನು ಕಲ್ಲನ್ನು 'ಗಟ್ಟಿ' ಅಂತಲೇ ಕರೆದೆ. ಕಾಲಿಗೆ ಎಡವಿ ಹೆಬ್ಬೆರಳು ಒಡೆದಾಗಲೂ 'ಅಯ್ಯೋ ಗಟ್ಟಿ' ಅಂದವಳು ನಾನು.

ಅಂಚೆಯವನು ಅಂಗಳದಲ್ಲಿ ನಿಂತು ಆ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಕೂಗಿದ. ನಾನು ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡೆ. ನಿನ್ನ ಮಾವ ಮಾತ್ರ ಹೊಸ ಮದುಮಗನ ಹಾಗೆ ನಗುತ್ತ ಆಚೆ ಬಂದ.

"ಅಂತೂ ಈ ಮನೆ ಹೆಂಗಸ್ರ ಕೈಲಿ ನನ್ನ ಹೆಸರು ಬರೆಸ್ಕೊಂಡೆ ನೋಡು" ಅಂದ.

"ಬರೆಸ್ಕೊಂಡ್ರಲ್ಲ, ಎದೆ ಮೇಲೆ ಅಂಟಿಸ್ಕೊಂಡು ಊರು ಸುತ್ತಿ" ಅಂದೆ.

ಅದು ಹಾಳಾಗಲಿ. ನಿನ್ನನ್ನು ಬೈಯಬೇಕಾದ ವಿಷಯ ಲಕೋಟೆಯ ಒಳಗಿತ್ತು. ಅಕ್ಮೋರ್ ನೂರೂಜ್ ಹಬ್ಬಕ್ಕೆ ಬರಲಾಗಲಿಲ್ಲ ಅಂತ ನಾಲ್ಕು ಸಾಲು ಗೀಚಿ ನಿನ್ನ ಕಾಗದದ ಜೊತೆ ಇಟ್ಟಿದ್ದಾಳೆ. ಅದರಲ್ಲಿ, 'ಅವ್ವ ನನಗೆ ಹೊಸ ಕೋಟು ಹೊಲಿದುಕೊಟ್ಟಳು, ನೀಲಿ ಬಣ್ಣದ್ದು' ಅಂತ ಇದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಾನು ಯಾವ ಕೋಟೂ ಹೊಲಿದಿಲ್ಲವಲ್ಲ ಅಂದುಕೊಂಡೆ. ರೊಟ್ಟಿ ಒಲೆಯಲ್ಲಿ ಸೀದ ಮೇಲೆ ಹೊಳೆಯಿತು, ಈ ಅವ್ವ ನಾನಲ್ಲ, ನೀನು ಅಂತ.

ಚೊಚ್ಚಲ ಮಗು ಅಜ್ಜ ಅಜ್ಜಿಯ ಮಡಿಲಿಗೆ. ಇದು ನಾನು ಹುಟ್ಟಿಸಿದ ಪದ್ಧತಿಯಲ್ಲ. ನಲವತ್ತನೆಯ ದಿನದ ಸ್ನಾನ ಮುಗಿಸಿ ನೀನೇ ಅವಳನ್ನು ತಂದು ನನ್ನ ಕೈಗೆ ಕೊಟ್ಟೆ. ಅವತ್ತಿನಿಂದ ಅವಳಿಗೆ ನಾನು ಅವ್ವ. ನಿನ್ನ ಗಂಡ ಮೆದೆರ್ ಅವಳಿಗೆ ಅಣ್ಣ, ನೀನು ಅತ್ತಿಗೆ. ಹತ್ತೊಂಬತ್ತು ವರ್ಷ ಇದೇ ನಡೆಯಿತು. ನರ್ಸ್ ಕೆಲಸ ಕಲಿಯಲಿ ಅಂತ ನಿಮ್ಮ ಮನೆಗೆ ಕಳಿಸಿದ್ದು ಹೋದ ಶರತ್ಕಾಲದಲ್ಲಿ. ಹಿಮ ಕರಗುವುದರೊಳಗೆ ಅತ್ತಿಗೆ ಅವ್ವ ಆದಳು.

ಅದರ ಮೇಲೆ ನಿನ್ನ ಉಪದೇಶ ಬೇರೆ. 'ಅತ್ತೆ, ಈಗ ದೇಶಕ್ಕೇ ಸ್ವಾತಂತ್ರ್ಯ ಬಂದಿದೆ, ಅವಳು ಯಾರನ್ನು ಏನಂತ ಬೇಕಾದರೂ ಕರೆಯಲಿ.' ಬಂದಿದೆ ತಾಯಿ, ನಮ್ಮೂರಿಗೂ ಬಂದಿದೆ. ಸಾಮೂಹಿಕ ಫಾರಂ ಒಡೆದು ಕುರಿ ಹಂಚಿದರು. ಕುಂಟುವವೆಲ್ಲ ನಮಗೆ ಬಂದವು, ಓಡುವವೆಲ್ಲ ಅಧ್ಯಕ್ಷನ ಭಾವಮೈದುನನ ಮನೆಗೆ ಓಡಿದವು. ಕರೆಂಟಿಗೂ ಸ್ವಾತಂತ್ರ್ಯ ಸಿಕ್ಕಿದೆ, ಅದಕ್ಕೆ ಮನಸ್ಸಾದಾಗ ಬರುತ್ತದೆ.

ಸ್ವಾತಂತ್ರ್ಯ ಅಂದರೆ ಏನು ಅಂತ ರೇಡಿಯೋವನ್ನು ಕೇಳಬೇಡ, ನನ್ನನ್ನು ಕೇಳು. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋದಾಗ ಕುದುರೆಮರಿಗಳನ್ನು ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟುತ್ತೇವೆ. ತಾಯಿಗಳನ್ನು ಬಿಟ್ಟುಬಿಡುತ್ತೇವೆ. ಬೇಲಿ ಇಲ್ಲ, ಕಾಲಿಗೆ ಸಂಕೋಲೆ ಇಲ್ಲ, ಗುಡ್ಡ ದಾಟಿ ಎಲ್ಲಿ ಬೇಕಾದರೂ ಮೇಯಲಿ. ಹಾಲು ಕರೆಯುವ ಹೊತ್ತಿಗೆ ಯಾರೂ ಕೂಗದೆ ತಾವೇ ಬಂದು ಹಗ್ಗದ ಪಕ್ಕ ನಿಲ್ಲುತ್ತವೆ. ಅದು ಸ್ವಾತಂತ್ರ್ಯ. ಎಷ್ಟು ದೂರವಾದರೂ ಹೋಗು, ಹಾಲಿನ ಹೊತ್ತಿಗೆ ಮನೆಯಲ್ಲಿರು. ಅವಳಿಗೆ ಇದನ್ನು ಓದಿ ಹೇಳು.

ಇಂತಿ,
ಅಕ್ಮೋರಳ ಅವ್ವ
(ಊರಲ್ಲಿರುವವಳು)


ಬಿಷ್ಕೆಕ್, ಏಪ್ರಿಲ್ 19

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಲಕೋಟೆಯ ತಪ್ಪಿಗೆ ಕ್ಷಮೆ ಇರಲಿ. 'ಮನೆಯ ಹಿರಿಯರಿಗೆ' ಎಂದಷ್ಟೇ ಬರೆದುಕೊಟ್ಟರೆ ಅಂಚೆ ಕಚೇರಿಯ ಹುಡುಗಿ ತೆಗೆದುಕೊಳ್ಳಲಿಲ್ಲ. ಈ ಸಲ ನಿಮ್ಮ ಮಗನ ಕೈಯಲ್ಲಿ ಬರೆಸಿದ್ದೇನೆ.

ಕೋಟಿಗೆ ನಾನು ಬಟ್ಟೆ ಕೊಂಡುಕೊಂಡಿಲ್ಲ. ಕಾರ್ಖಾನೆ ಮುಚ್ಚುವಾಗ ಸಂಬಳದ ಬದಲು ಬಟ್ಟೆಯ ಸುರುಳಿ ಕೊಟ್ಟು ಕಳಿಸಿದ್ದರು. ಅವಳ ಹಳೆಯ ಕೋಟಿನ ತೋಳು ಮೊಣಕೈ ಹತ್ತಿರ ಬಂದಿತ್ತು, ಅದಕ್ಕೆ ಹೊಲಿದೆ.

ಅವ್ವ ಅನ್ನು ಎಂದು ನಾನು ಹೇಳಿಕೊಡಲಿಲ್ಲ ಅತ್ತೆ. ಒಂದು ಸಂಜೆ ಅಡುಗೆಮನೆಯಲ್ಲಿ ಉಪ್ಪು ಕೇಳುವಾಗ ಅವಳ ಬಾಯಿಂದ ಬಂತು. ನಾನು ಉಪ್ಪು ಕೊಟ್ಟೆ. ತಿರುಗಿ ಅವಳ ಮುಖ ನೋಡಲಿಲ್ಲ. ನೋಡಿದರೆ ನಾಚಿಕೊಂಡು ಇನ್ನೊಮ್ಮೆ ಅನ್ನದೇ ಹೋದಾಳು ಅನ್ನಿಸಿತು.

ಇನ್ನೊಂದು ವಿಷಯ ನಿಮಗೆ ತಿಳಿಸಬೇಕು. ಅವಳು ಕಲಿಯುವ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುವ ಹುಡುಗ ಒಬ್ಬ ಇದ್ದಾನೆ, ಬೆಕ್ತೂರ್ ಅಂತ. ಇಬ್ಬರೂ ಮೆಚ್ಚಿಕೊಂಡಿದ್ದಾರೆ. ಹೋದ ಭಾನುವಾರ ಅವನ ತಾಯಿ ತೊಕ್ಮೊಕ್ ಪೇಟೆಯಿಂದ ಹೇಳದೆ ಕೇಳದೆ ಬಂದರು. ಚಹಾ ಇನ್ನೂ ಒಲೆಯ ಮೇಲಿತ್ತು. ನಾನು ಹೇಳಿದೆ, "ನಿಶ್ಚಯದ ಓಲೆ ಶಾಸ್ತ್ರ ಇಲ್ಲಿ ಬೇಡ, ಊರಲ್ಲಿ ಆಗ್ಬೇಕು, ಅವಳನ್ನ ಸಾಕಿದ ನಮ್ಮತ್ತೆ ಅಲ್ಲಿದಾರೆ." ಅವರು, "ಘಟ್ಟದ ದಾರಿ ಹಿಮದಲ್ಲಿ ಮುಚ್ಚಿದೆಯಂತಲ್ಲಮ್ಮ, ಒಳ್ಳೆ ಕೆಲಸಕ್ಕೆ ಹಿಮ ಕರಗೋ ತನಕ ಕಾಯೋಕಾಗುತ್ತಾ" ಎನ್ನುತ್ತಲೇ ಅವಳ ಕಿವಿಗೆ ಓಲೆ ಹಾಕಿಬಿಟ್ಟರು.

ಕುದುರೆಯ ಹಗ್ಗದ ಮಾತನ್ನು ಅವಳಿಗೆ ಓದಿ ಹೇಳಿದೆ. ನಾನೂ ಅದನ್ನು ಬಹಳ ಯೋಚಿಸಿದೆ. ಹಗ್ಗ ಕಟ್ಟಿದವರಿಗೆ ಅದು ಸ್ವಾತಂತ್ರ್ಯದ ಹಾಗೆ ಕಾಣುತ್ತದೆ. ಕುದುರೆಯನ್ನು ಯಾರೂ ಕೇಳಿಲ್ಲ. ನನ್ನನ್ನು ಕೇಳಿದರೆ, ಹಿರಿಯರು ಏನನ್ನಾದರೂ ಕೇಳಿದಾಗ 'ಇಲ್ಲ' ಎನ್ನಲು ನಾಲಿಗೆ ಏಳಬೇಕು, ಅದು ಸ್ವಾತಂತ್ರ್ಯ. ಇಪ್ಪತ್ತರ ವಯಸ್ಸಿನಲ್ಲಿ ನನ್ನ ನಾಲಿಗೆ ಏಳಲಿಲ್ಲ.

ತಪ್ಪು ಬರೆದಿದ್ದರೆ ಮನ್ನಿಸಿ.

ಇಂತಿ ನಿಮ್ಮ ಸೊಸೆ,
ಜಿಪಾರ್


ಕೋಕ್-ಬೆಲ್, ಮೇ 20

ಜಿಪಾರ್,

ನಾಳೆ ಗುಡಾರ ಬಿಚ್ಚಿ ಲಾರಿಗೆ ತುಂಬಬೇಕು, ಹುಲ್ಲುಗಾವಲಿಗೆ ಹೊರಟಿದ್ದೇವೆ. ಕಂಬಳಿಗಳನ್ನು ಬಡಿಯಬೇಕಾದವಳು ಪೆನ್ಸಿಲ್ ಹಿಡಿದು ಕೂತಿದ್ದೇನೆ. ನಿನ್ನ ಕಾಗದವನ್ನು ಹೋದ ತಿಂಗಳಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿ ತಿರುಗಿ ಅದರ ಮಡಿಕೆ ಹರಿದಿದೆ. ಸಿಟ್ಟು ಮಾತ್ರ ಹರಿದಿಲ್ಲ.

ನನ್ನ ಮಗಳ ಕಿವಿಗೆ ಓಲೆ ಬಿತ್ತು. ಎಲ್ಲಿ? ನಾಲ್ಕನೇ ಮಹಡಿಯಲ್ಲಿ, ಸೋಫಾದ ಮೇಲೆ. ತಲೆಯ ಮೇಲೆ ಬಿಳಿ ವಸ್ತ್ರ ಹಾಕಲು ಒಬ್ಬ ಮುದುಕಿ ಇಲ್ಲ, ಕುರಿ ಕಡಿಯಲು ಅಂಗಳ ಇಲ್ಲ. ನನಗೆ ಗೊತ್ತಾಗುವ ಮೊದಲೇ ಪಕ್ಕದ ಮನೆಯ ಬಾತ್ಮಾಕಾನ್‌ಗೆ ಗೊತ್ತಾಯಿತು. ಬೇಲಿಯ ಮೇಲೆ ಗಲ್ಲ ಇಟ್ಟುಕೊಂಡು ಕೇಳುತ್ತಾಳೆ, "ನಿನ್ ಮಗಳಿಗೆ ಓಲೆ ಹಾಕಿದ್ರಂತಲ್ಲೇ, ನಿನಗೊಂದು ಮಾಂಸದ ತುಂಡಾದ್ರೂ ಬಂತಾ?"

"ಬರುತ್ತೆ ಬರುತ್ತೆ, ಮೂಳೆ ನಿನಗೆ ಎತ್ತಿಡ್ತೀನಿ" ಅಂದೆ. ಒಳಗೆ ಬಂದು ಹಾಸಿಗೆಯ ಕಂಬಳಿಗೆ ಎರಡು ಏಟು ಹಾಕಿದೆ.

ನಿನ್ನ ಮಾವ ಮೂಲೆಯಿಂದ ಅನ್ನುತ್ತಾನೆ, "ನಿಂದು ಬರೀ ಹೊಟ್ಟೆಕಿಚ್ಚು ಕಣೇ." ಹೌದು, ಹೊಟ್ಟೆಕಿಚ್ಚೇ. ಈ ಚಳಿಯಲ್ಲಿ ಒಲೆಗೆ ಬೆರಣಿ ಉಳಿಯಿತು ಅಂದುಕೊಳ್ಳಲಿ.

'ಹಾಲು ಕೊಟ್ಟವಳು ನಾನು' ಅಂತ ನಿನ್ನ ಮನಸ್ಸಿನಲ್ಲಿರಬಹುದು. ಎಷ್ಟು ದಿನ ಕೊಟ್ಟೆ? ಆಮೇಲೆ ಅವಳನ್ನು ಸಾಕಿದ್ದು ಯಾರು? ಕುರಿಯ ಬಾಲದ ಕೊಬ್ಬನ್ನು ದಾರ ಕಟ್ಟಿ ತೊಟ್ಟಿಲಿಗೆ ನೇತುಹಾಕಿ ಚೀಪಿಸಿದವಳು ನಾನು. ಮೇಕೆಯ ಹಾಲನ್ನು ಕೋಟಿನ ತೋಳಿನ ತುದಿ ಅದ್ದಿ ಅದ್ದಿ ಕುಡಿಸಿದವಳು ನಾನು. ಅದಕ್ಕೂ ಅಳು ನಿಲ್ಲಿಸದಿದ್ದಾಗ ಮುಟ್ಟು ನಿಂತ ಹೆಂಗಸಾದ ನಾನು ನನ್ನ ಒಣಗಿದ ಎದೆಯನ್ನೇ ಬಾಯಿಗಿಟ್ಟೆ. ಅದರಲ್ಲಿ ಏನೂ ಇರಲಿಲ್ಲ. ಅವಳು ಸುಮ್ಮನಾದಳು.

'ಇಲ್ಲ' ಅನ್ನಲು ನಾಲಿಗೆ ಏಳಲಿಲ್ಲ ಅಂತ ಬರೆದಿದ್ದೀಯ. ನನಗೆ ಎದ್ದಿತ್ತಾ? ನಿನ್ನ ಗಂಡ ನನ್ನ ಚೊಚ್ಚಲು, ಅವನ ಮೇಲೆ ನನಗೆ ಮಕ್ಕಳಾಗಲಿಲ್ಲ. ಅವನನ್ನು ನಮ್ಮತ್ತೆ ತೆಗೆದುಕೊಂಡಳು. ಅವನು ಅವಳನ್ನು ಅವ್ವ ಅಂದ, ಅವಳು ಸತ್ತಾಗ ಅವ್ವ ಅಂತಲೇ ಅತ್ತ. ನನ್ನನ್ನು ಇವತ್ತಿಗೂ ಏನಂತ ಕರೆಯುತ್ತಾನೆ, ನೀನೇ ಕೇಳಿದ್ದೀಯಲ್ಲ. ಅತ್ತಿಗೆ. ಈ ಭೂಮಿಯ ಮೇಲೆ ನನ್ನನ್ನು ಅವ್ವ ಅಂದದ್ದು ಅಕ್ಮೋರ್ ಒಬ್ಬಳೇ. ನಿನಗೆ ಅವಳ ಮೇಲೆ ಇಬ್ಬರು ಗಂಡು ಮಕ್ಕಳಿದ್ದಾರೆ, ದಿನಕ್ಕೆ ನೂರು ಸಲ ಅವ್ವ ಅವ್ವ ಅಂತ ಪ್ರಾಣ ತಿನ್ನುತ್ತಾರೆ. ಅಷ್ಟು ಸಾಲದೆ ನನ್ನ ಒಂದಕ್ಕೂ ಕೈ ಹಾಕಿದೆ.

ಅದಕ್ಕೇ ನಾನೂ ಒಂದು ಕೆಲಸ ಮಾಡಿದ್ದೇನೆ. ಹುಡುಗನ ತಾಯಿಗೆ ಕಾಗದ ಹಾಕಿದ್ದೇನೆ. ಗಂಡಿನ ಕಡೆಯವರು ಹೆಣ್ಣಿನ ತಾಯಿಗೆ ಹಾಲಿನ ಋಣ ಅಂತ ಒಂದು ಹೆಣ್ಣು ಕುದುರೆ ಕೊಡುವುದಿದೆ. ಆ ಕುದುರೆ ನನ್ನ ಗುಡಾರದ ಬಾಗಿಲಿಗೆ ಬರಬೇಕು, ಬೇರೆ ಬಾಗಿಲಿಗೆ ಹೋದರೆ ನಾನು ಮದುವೆಗೆ ಬರುವುದಿಲ್ಲ ಅಂತ ಬರೆದಿದ್ದೇನೆ. ನೀನು ನಡುವೆ ಬಾಯಿ ಹಾಕಬೇಡ.

ಇಂತಿ,
ಅಕ್ಮೋರಳ ಅವ್ವ


ಬಿಷ್ಕೆಕ್, ಜೂನ್ 12

ಅವ್ವಾ,

ನೀನು ಬೆಕ್ತೂರನ ಅಮ್ಮನಿಗೆ ಬರೆದ ಕಾಗದವನ್ನು ಅವರು ನನಗೆ ತೋರಿಸಿದರು. ಪಾಪ, "ನಿಮ್ಮಜ್ಜಿ ಸೇನೆಯಲ್ಲಿದ್ರಾ?" ಅಂತ ಕೇಳಿದರು.

ಈ ಮನೆಯಲ್ಲಿ ನಾನು ಊರಿನ ಸುದ್ದಿ ಹೇಳಿ ನಕ್ಕರೆ ಇಲ್ಲಿನ ಅವ್ವ ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ. ಅಲ್ಲಿಗೆ ಬರೆದ ಕಾಗದದಲ್ಲಿ ಇಲ್ಲಿನ ಕೋಟು ಕಂಡರೆ ನಿನ್ನ ರೊಟ್ಟಿ ಸೀಯುತ್ತದೆ. ನೀವಿಬ್ಬರೂ ಸ್ವಾತಂತ್ರ್ಯದ ಮೇಲೆ ಜಗಳ ಆಡುತ್ತೀರಂತೆ, ನನ್ನನ್ನು ಒಂದು ಸಲ ಕೇಳಲಿಲ್ಲ. ನನಗೆ ಬೇಕಾದದ್ದು ಇಷ್ಟೇ. ಒಂದು ಮನೆಯಲ್ಲಿ ನಕ್ಕಿದ್ದನ್ನು ಇನ್ನೊಂದು ಮನೆಯಲ್ಲಿ ಬಚ್ಚಿಡಬಾರದು.

ಆಗಸ್ಟ್ ಕೊನೆಯಲ್ಲಿ ಮದುವೆ ಅಂತ ನಿಶ್ಚಯ ಮಾಡಿದ್ದೇವೆ. ನಮ್ಮ ಹುಲ್ಲುಗಾವಲಿನಲ್ಲೇ, ನಿನ್ನ ಗುಡಾರದ ಮುಂದೆ, ಅಂತ ನನಗೆ ಆಸೆ. ನೀನೂ ಇಲ್ಲಿನ ಅವ್ವನೂ ಪಕ್ಕಪಕ್ಕದಲ್ಲಿ ನಿಂತು ಹರಸುವುದಾದರೆ ಮಾತ್ರ. ಆಗುವುದಿಲ್ಲ ಅಂದರೆ ಹೇಳಿಬಿಡಿ. ನಾನು, ಬೆಕ್ತೂರ್, ನೋಂದಣಿ ಕಚೇರಿಯ ಗುಮಾಸ್ತೆ, ಮೂವರೇ ಸಾಕು. ಸಹಿ ಹಾಕಿ, ಬೀದಿಯಲ್ಲಿ ಎರಡು ಸಮೋಸ ತಿಂದು ಮನೆಗೆ ಹೋಗುತ್ತೇವೆ. ಆಗ ಯಾರೂ ಯಾರ ಅವ್ವನೂ ಅಲ್ಲ.

ಬೆದರಿಸುತ್ತಿದ್ದೇನೆ ಅನ್ನಬೇಡ. ಬೆದರಿಸುವುದನ್ನು ಕಲಿಸಿದವಳು ನೀನೇ.

ನಿನ್ನ,
ಅಕ್ಮೋರ್


ಬಿಷ್ಕೆಕ್, ಜುಲೈ 5

ಪೂಜ್ಯ ಅತ್ತೆಯವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಡೆಗೆ ಹಿಟ್ಟಿನ ಲಾರಿ ನಾಳೆ ಹೊರಡುತ್ತದಂತೆ.

ನಮ್ಮ ಕಟ್ಟಡದ ಅಂಗಳದಲ್ಲಿ ಬಟ್ಟೆ ಒಣಹಾಕುವ ಕಂಬಕ್ಕೆ ಒಂದು ಹೆಣ್ಣು ಕುದುರೆ ಕಟ್ಟಿದೆ. ಹಾಲಿನ ಋಣದ್ದು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ಬೀಗಿತ್ತಿಯೇ ಲಾರಿಯಲ್ಲಿ ತಂದು ಇಳಿಸಿದರು. ನಾನು, "ಇದು ಊರಿಗೆ ಹೋಗ್ಬೇಕು, ನಮ್ಮತ್ತೆಯವರದ್ದು" ಎಂದೆ. ಅವರು ಕೈಮುಗಿದರು. "ಇಬ್ಬರು ತಾಯಂದಿರು, ಒಂದು ಋಣ. ನನಗೆ ಯಾರ ಜಗಳಾನೂ ಬೇಡಮ್ಮ. ಹಾಲು ಕೊಟ್ಟವರಿಗೆ ಕುದುರೆ, ಸಾಕಿದವರಿಗೆ ಅದರ ಮರಿ. ಮರಿನ ನಿನ್ನೆನೇ ಇನ್ನೊಂದು ಗಾಡೀಲಿ ನಿಮ್ಮತ್ತೆ ಹತ್ರ ಕಳಿಸಿದೀನಿ. ಇನ್ನು ಯಾರೂ ನನ್ನನ್ನ ಬೈಯೋ ಹಾಗಿಲ್ಲ."

ಅವರು ಪೇಟೆಯಲ್ಲಿ ಹುಟ್ಟಿ ಬೆಳೆದವರು. ಹಾಲು ಕುಡಿಯುವ ಮರಿಯನ್ನು ಹೀಗೆ ಬೇರೆ ಮಾಡಬಾರದು ಎಂದು ಅವರಿಗೆ ತಿಳಿಯದು. ಮನಸ್ಸು ಒಳ್ಳೆಯದೇ.

ಕಟ್ಟಡದ ಮೇಲ್ವಿಚಾರಕ ದಿನವೂ ಬಂದು, "ಇದು ಮನುಷ್ಯರು ವಾಸ ಮಾಡೋ ಕಟ್ಟಡ" ಎಂದು ಕೂಗುತ್ತಾನೆ. ಮಕ್ಕಳು ಬ್ರೆಡ್ಡು ತಿನ್ನಿಸುತ್ತಾರೆ. ಕುದುರೆ ತಿನ್ನುವುದಿಲ್ಲ. ಬೆಟ್ಟದ ಕಡೆಗೆ ಮುಖ ಮಾಡಿ ಕೆನೆಯುತ್ತದೆ. ಕೆಚ್ಚಲು ಕಲ್ಲಾಗಿದೆ. ನಾನು ಬಕೆಟ್ ಹಿಡಿದು ಕೂತರೆ ಒಂದು ಹನಿ ಬಿಡುವುದಿಲ್ಲ. ಮರಿ ಬಂದು ಬಾಯಿ ಇಡದೆ ಕುದುರೆ ಹಾಲು ಬಿಡುವುದಿಲ್ಲ ಎಂದು ನನಗೆ ಕಲಿಸಿದವರು ನೀವು.

ನಿಮ್ಮ ಮೇ ತಿಂಗಳ ಕಾಗದಕ್ಕೆ ಉತ್ತರ ಬರೆದಿರಲಿಲ್ಲ. ಏನು ಬರೆಯಲಿ ಅತ್ತೆ? ಮಗುವನ್ನು ನಿಮಗೆ ಕೊಟ್ಟ ವಾರ ನನಗೂ ಈ ಕುದುರೆಯ ಹಾಗೇ ಆಗಿತ್ತು. ಎದೆಗೆ ಶಾಲು ಬಿಗಿದುಕೊಂಡು ಎಲ್ಲರ ಜೊತೆ ಹುಲ್ಲು ಕೊಯ್ಯಲು ಹೋದೆ. ನೀವು ಮಗುವನ್ನು ಎತ್ತಿಕೊಂಡು ಹೊಲದ ಅಂಚಿನಲ್ಲಿ ನಿಂತಿದ್ದಿರಿ. ಅದು ಅತ್ತಾಗ ನನ್ನ ಅಂಗಿ ಒದ್ದೆಯಾಯಿತು. ಬೆವರು ಎಂದುಕೊಂಡರು ಎಲ್ಲರೂ. ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ.

ಮರಿ ಹೇಗಿದೆ? ಬೇರೇನೂ ಬೇಡ, ಅದೊಂದನ್ನು ಬರೆಯಿರಿ.

ಇಂತಿ ನಿಮ್ಮ ಸೊಸೆ,
ಜಿಪಾರ್


ಮೇಲಿನ ಹುಲ್ಲುಗಾವಲು, ಜುಲೈ 13

ಜಿಪಾರ್,

ಮರಿ ಇದೆ. ಇದೆ ಅನ್ನಬಹುದು, ಅಷ್ಟೇ.

ಅದನ್ನು ತಂದ ಚಾಲಕ ಇಳಿಸುತ್ತಲೇ, "ತಗೊಳ್ಳಿ ಅಜ್ಜಿ, ನಿಮ್ಮ ಪಾಲು" ಅಂದ. "ಇದರ ತಾಯಿ ಎಲ್ಲಪ್ಪಾ?" ಅಂದರೆ, "ಅದು ಅವರ ಪಾಲು" ಅನ್ನುತ್ತಾನೆ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ನಿನ್ನ ಬೀಗಿತ್ತಿಗೆ ಮನಸ್ಸು ಒಳ್ಳೆಯದು ಅಂತೀಯ. ಇರಬಹುದು. ಕುದುರೆಯನ್ನು ಅವಳು ಕಂಡಿದ್ದು ಮಾಂಸದ ಅಂಗಡಿಯಲ್ಲೇ ಇರಬೇಕು.

ಮರಿಯನ್ನು ನಮ್ಮ ಮರಿಗಳ ಜೊತೆ ಹಗ್ಗಕ್ಕೆ ಕಟ್ಟಿದೆ. ಹಾಲಿನ ಹೊತ್ತಿಗೆ ನಮ್ಮ ಕುದುರೆಗಳು ಗುಡ್ಡದಿಂದ ಇಳಿದು ಬಂದು ತಂತಮ್ಮ ಮರಿಯ ಪಕ್ಕ ನಿಂತವು. ಇದರ ಪಕ್ಕ ಯಾವುದೂ ನಿಲ್ಲಲಿಲ್ಲ. ಅದು ಕತ್ತು ಎತ್ತಿ ಎತ್ತಿ ಗುಡ್ಡ ನೋಡಿತು. ಮೇಕೆಯ ಹಾಲಿಗೆ ಕೋಟಿನ ತೋಳು ಅದ್ದಿ ಬಾಯಿಗಿಟ್ಟೆ. ಹತ್ತೊಂಬತ್ತು ವರ್ಷದ ಮೇಲೂ ಕೈ ಮರೆತಿಲ್ಲ ನೋಡು. ಸ್ವಲ್ಪ ಚೀಪಿತು, ಉಗಿಯಿತು.

ನಿನ್ನ ಮಾವ ಜೀನು ಹೊಲಿಯುತ್ತ ಕೂತಿದ್ದ. "ನೀನು ಕೇಳಿದ್ದು ಬಾಗಿಲಿಗೆ ಬಂತಲ್ಲ, ಈಗ್ಯಾಕೆ ಮುಖ ಹೀಗಿದೆ?" ಅಂದ. ನಾನು ಬಾಯಿಗೆ ಬಂದದ್ದು ಅಂದೆ. ಅದನ್ನು ಇಲ್ಲಿ ಬರೆಯಲಾಗದು.

ಹಿಟ್ಟಿನ ಲಾರಿಯವನು ನಿನ್ನ ಕಾಗದ ಕೊಟ್ಟದ್ದು ನಿನ್ನೆ. ಓದಿ, ಹೋಗಿ ಮರಿಯ ಕೊರಳಿನ ಕಟ್ಟು ಬಿಚ್ಚಿದೆ. ಸ್ವಾತಂತ್ರ್ಯ ಅಂತ ಇಬ್ಬರೂ ಅಷ್ಟು ಬರೆದುಕೊಂಡೆವಲ್ಲ, ಅದು ಏನು ಮಾಡುತ್ತದೆ ನೋಡೋಣ ಅಂತ. ಅದು ಓಡಲಿಲ್ಲ. ಒಂದೊಂದು ಕುದುರೆಯ ಹತ್ತಿರವೂ ಹೋಗಿ ಮೂಸಿತು. ಒಂದು ಕಚ್ಚಲು ಬಂತು, ಒಂದು ಒದೆಯಿತು. ಕಣಿವೆಯ ಕಡೆ ಸ್ವಲ್ಪ ದೂರ ನಡೆದು ನಿಂತಿತು. ಆಮೇಲೆ ತಿರುಗಿ ಬಂದು ನನ್ನ ತೋಳಿಗೆ ಬಾಯಿ ಹಾಕಿತು.

ನನಗೆ ಖುಷಿಯಾಯಿತು ಜಿಪಾರ್. ಸುಳ್ಳು ಯಾಕೆ ಬರೆಯಲಿ. ಕುದುರೆ ನಿನ್ನ ಹತ್ತಿರ ಇದ್ದರೇನು, ಮರಿ ನನ್ನ ಹತ್ತಿರ ಬಂತು ಅಂತ ಆ ಗಳಿಗೆ ಅನ್ನಿಸಿತು. ಕೊರಳು ಸವರಿದೆ, ಬೆನ್ನು ಸವರಿದೆ. ಹಾಗೇ ಕೈ ಕೆಳಗಿಳಿದಾಗ ಒಂದೊಂದೇ ಪಕ್ಕೆಲುಬು ಬೆರಳಿಗೆ ಸಿಕ್ಕವು.

ಇನ್ನು ನಾನು ಹೇಳುವುದನ್ನು ಕೇಳು. ಹಿಟ್ಟಿನ ಲಾರಿ ವಾಪಸು ಬರುವಾಗ ಆ ಕುದುರೆಯನ್ನು ಹತ್ತಿಸಿಕೊಂಡು ಬಾ. ಬೇರೆ ಯಾರ ಕೈಯಲ್ಲೂ ಕಳಿಸಬೇಡ, ಹಗ್ಗ ನೀನೇ ಹಿಡಿದುಕೊಂಡು ಬಾ. ಬರುವ ತನಕ ಬಿಸಿನೀರಿನ ಬಟ್ಟೆಯಿಂದ ಕೆಚ್ಚಲು ಒತ್ತು, ಗಟ್ಟಿಯಾಗಲು ಬಿಡಬೇಡ. ನಿನ್ನ ಎದೆಗೆ ಅವತ್ತು ಯಾರೂ ಬಿಸಿಬಟ್ಟೆ ಒತ್ತಲಿಲ್ಲ. ಅದನ್ನು ಓದಿ ನಾನು ಗುಡಾರದ ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ.

ಕುದುರೆ ನಿನ್ನದು, ನಿನ್ನ ಹಾಲಿನ ಋಣ. ಬೀಗಿತ್ತಿಗೂ ಹಾಗೇ ಬರೆಯುತ್ತೇನೆ. ಅದು ಇಲ್ಲಿ ಮೇಯಲಿ. ಕರೆಯಲು ಇಬ್ಬರು ಬೇಕಲ್ಲ, ಒಬ್ಬಳು ಮರಿ ಹಿಡಿಯಲು, ಒಬ್ಬಳು ಬಕೆಟ್ ಹಿಡಿಯಲು. ನಾನು ಮರಿ ಹಿಡಿಯುತ್ತೇನೆ. ಹೊಟ್ಟೆ ತುಂಬುವ ತನಕ ಕುಡಿಯಲು ಬಿಟ್ಟು ಆಮೇಲೆ ಎಳೆಯುತ್ತೇನೆ, ಹೆದರಬೇಡ. ಕರೆದದ್ದು ನಿನ್ನ ಬಕೆಟ್ಟಿಗೆ. ಮದುವೆಯ ದಿನಕ್ಕೆ ಆ ಹಾಲಿನ ಕುಮಿಸ್ ಹುಳಿಯಾಗಿರಬೇಕು.

ಅಕ್ಮೋರ್‌ಗೆ ಹೇಳು, ಗುಮಾಸ್ತೆಗೆ ಅವಳ ಮದುವೆಯಲ್ಲಿ ಕೆಲಸವಿಲ್ಲ. ನಾವಿಬ್ಬರೂ ಪಕ್ಕಪಕ್ಕ ನಿಲ್ಲುತ್ತೇವೆ. ನಿನ್ನನ್ನು ಅವ್ವ ಅನ್ನಲಿ, ನನ್ನನ್ನೂ ಅನ್ನಲಿ. ಇಬ್ಬರೂ ಎದುರಿಗಿದ್ದಾಗ ಮಾತ್ರ ಮೊದಲು ನನ್ನನ್ನು ಅನ್ನಲಿ, ಅಷ್ಟಾದರೂ ನನಗೆ ಬೇಕು. ಆ ನೀಲಿ ಕೋಟನ್ನೂ ತರಲಿ. ಹೊಲಿಗೆ ಹೇಗಿದೆ ಅಂತ ತಿರುಗಿಸಿ ನೋಡುತ್ತೇನೆ, ದಾರ ಬಿಟ್ಟಿದ್ದರೆ ಹೇಳದೆ ಇರುವವಳಲ್ಲ ನಾನು. ಕುದುರೆಯನ್ನು ಇಳಿಸಲು ಮೆದೆರ್ ಬರಲಿ. ನನ್ನನ್ನು ಏನಂತ ಬೇಕಾದರೂ ಕರೆಯಲಿ, ಬರಲಿ.

ಇದೆಲ್ಲ ನಿನಗೆ ಬೇಡ ಅನ್ನಿಸಿದರೆ 'ಇಲ್ಲ' ಅಂತ ಬರಿ. ಆ ಅಕ್ಷರ ನೋಡಿ ನಾನು ಬೈಯುತ್ತೇನೆ, ಕುದುರೆಯನ್ನು ತರಲು ಒಬ್ಬಳೇ ಇಳಿದು ಬರುತ್ತೇನೆ. ಆದರೂ ನೀನು ಬರಿ.

ಇನ್ನೊಂದು. ಕುದುರೆಯ ಜೊತೆ ನೀನೇ ಬಂದರೂ ಉತ್ತರವನ್ನು ಬರೆದು ಲಾರಿಯವನ ಕೈಗೆ ಕೊಡು. ಲಕೋಟೆಯ ಮೇಲೆ ಈ ಸಲ ಮಾವನ ಹೆಸರೂ ಬೇಡ, ಗಂಡನ ಕೈಯಲ್ಲಿ ಬರೆಸುವುದೂ ಬೇಡ. ಅತ್ತೆಯ ಹೆಸರನ್ನು ಸೊಸೆ ಹೇಳಬಾರದು ಅಂತ ಇದೆ, ನನಗೂ ಗೊತ್ತು. ನಾನೇ ಹೇಳುತ್ತಿದ್ದೇನೆ, ಬರಿ. ಈ ಕಣಿವೆಯಲ್ಲಿ ನಾನು ಇಂಥವನ ಹೆಂಡತಿ, ಇಂಥವಳ ಅವ್ವ, ಅಜ್ಜಿ, ಅತ್ತಿಗೆ. ಹೆಸರು ಹಿಡಿದು ಕರೆಯುತ್ತಿದ್ದ ನನ್ನ ತವರಿನವರೆಲ್ಲ ಮಣ್ಣಾದರು. ಲಾರಿಯವನು ಗುಡಾರದ ಮುಂದೆ ನಿಂತು ನನ್ನ ಹೆಸರನ್ನು ಒಂದು ಸಲ ದೊಡ್ಡದಾಗಿ ಕೂಗಲಿ. ಬಾತ್ಮಾಕಾನಳ ಗುಡಾರದ ತನಕ ಕೇಳಬೇಕು. ಕೆಳಗೆ ಸಹಿ ಹಾಕಿದ್ದೇನೆ, ನೋಡಿಕೊಂಡು ತಪ್ಪಿಲ್ಲದೆ ಬರಿ. ಮರಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಆಗಸ್ಟ್ ಹುಟ್ಟುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಉಲ್ಕಾನ್